ಗಿಡಕ್ಕೆ ನೀರು ಹಾಕೋ ಡಬ್ಬ, ಅಪ್ಡೇಟ್ 3: ಬೋರ್ಡ್ ಇನ್ನೂ ಆರ್ಡರ್ ಮಾಡಿಲ್ಲ

ಪಿಸಿಬಿ (ಚಿಪ್ಪುಗಳೆಲ್ಲ ಕೂರೋ ಸರ್ಕ್ಯೂಟ್ ಬೋರ್ಡು) ಬಂತಾ ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ, ಬಂದಿಲ್ಲ, ಆರ್ಡರೇ ಮಾಡಿಲ್ಲ, ಬೇಕಂತಲೇ ಮಾಡಿಲ್ಲ. ಹೊಸದಾಗಿ ಓದ್ತಿರೋರಿಗೆ: ಇದು ಬಾಲ್ಕನಿ ಕುಂಡಗಳಿಗೆ ತಾನಾಗೇ ನೀರು ಹಾಕೋ ಬ್ಯಾಟರಿ ಡಬ್ಬ. ಒಂದು ಟ್ಯಾಂಕು, ಒಂದು ಸಣ್ಣ ಪಂಪು, ಮಣ್ಣಿನ ತೇವ ನೋಡೋ ಸೆನ್ಸರ್‌ಗಳು, ಮಧ್ಯದಲ್ಲಿ ಒಂದು ಇಎಸ್‌ಪಿ32, ಅಂದ್ರೆ ವೈಫೈ ಇರೋ ಪುಟ್ಟ ಕಂಟ್ರೋಲರ್ ಚಿಪ್ಪು. ಹೊಸದೇನೂ ಅಲ್ಲ, ಬೇಕಾದಷ್ಟು ಜನ ಮಾಡಿದಾರೆ. ನಾನು ನೋಡ್ಬೇಕು ಅಂದ್ಕೊಂಡಿರೋದು ಬೇರೆ ವಿಷಯ: ಬೋರ್ಡು, ಪ್ರಿಂಟ್ ಮಾಡಿದ ಡಬ್ಬ ಎರಡೂ ಕೈಗೆ ಬಂದ ಮೇಲೆ "ಅಯ್ಯೋ ಇದನ್ನ ಬದಲಾಯಿಸ್ಬೇಕು" ಅನ್ನೋ ಗತಿ ಬರದೇ ಇರೋ ಹಾಗೆ ಒಂದು ಪ್ರಾಜೆಕ್ಟ್ ನಡೆಸೋಕಾಗತ್ತಾ ಅಂತ.

ಇದಕ್ಕೆ ನಾನು ಹಿಡಿದಿರೋ ದಾರಿ ಲೀನ್ ಅನ್ನೋ ಕೆಲಸದ ಪದ್ಧತಿ. ಲೀನ್ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ಫ್ಯಾಕ್ಟರಿ, ವೇಸ್ಟ್ ಕಮ್ಮಿ ಮಾಡು, ಸ್ಟಾಕ್ ಕಮ್ಮಿ ಮಾಡು ಅನ್ನೋದು. ಪ್ರಾಡಕ್ಟ್ ಡೆವಲಪ್ಮೆಂಟಿನ ಲೀನ್ ನೋಡೋಕೆ ಹೆಚ್ಚೂಕಮ್ಮಿ ಉಲ್ಟಾ. 1995ರಲ್ಲಿ ಅಲೆನ್ ವಾರ್ಡ್, ಜೆಫ್ರಿ ಲೈಕರ್ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಗಾರರು ಟೊಯೋಟಾದ ಎಂಜಿನಿಯರ್‌ಗಳು ಕೆಲಸ ಮಾಡೋ ರೀತಿ ಬಗ್ಗೆ ಬರೆದಿದ್ರು, ಅದರಲ್ಲಿ ವಿಚಿತ್ರ ಅನ್ಸೋದೇನಂದ್ರೆ ಅವರು ನಿರ್ಧಾರಗಳನ್ನ ತಡವಾಗಿ ತಗೋತಿದ್ರು, ಪ್ರೋಟೋಟೈಪ್‌ಗಳನ್ನ ಜಾಸ್ತಿ ಮಾಡ್ತಿದ್ರು, ಒಂದೇ ಭಾಗಕ್ಕೆ ಹಲವಾರು ಆಯ್ಕೆಗಳನ್ನ ಒಟ್ಟಿಗೆ ಮುಂದಕ್ಕೆ ತಗೊಂಡು ಹೋಗ್ತಿದ್ರು, ಆದ್ರೂ ಕಾರು ಬೇಗ ಹೊರಗೆ ಬರ್ತಿತ್ತು. ಇದಕ್ಕೆ ಸೆಟ್ ಬೇಸ್ಡ್ ಅಂತಾರೆ. ಒಂದು ಡಿಸೈನ್ ಆರಿಸ್ಕೊಂಡು ಅದನ್ನೇ ತಿದ್ದುತ್ತಾ ಹೋಗೋ ಬದಲು ಒಂದು ಗುಂಪು ಇಟ್ಕೊಂಡು, ಅಳತೆ ಮಾಡಿ, ಆಗದೇ ಇರೋದನ್ನ ಒಂದೊಂದಾಗಿ ತೆಗೆದು ಹಾಕೋದು.

ನನ್ನ ಪ್ರಕಾರ ಕೊನೇ ಘಳಿಗೆಯ ಬದಲಾವಣೆ ಬರೋದು ಡಿಸೈನ್ ಕೆಟ್ಟದಾಗಿರೋದ್ರಿಂದ ಅಲ್ಲ, ಗೊತ್ತಿಲ್ಲದೇ ಇರೋ ವಿಷಯದ ಮೇಲೆ ಬೇಗ ನಿರ್ಧಾರ ತಗೊಂಡಿರೋದ್ರಿಂದ. ಹಾಗಾಗಿ ಈ ಸಲ ಮಾಡ್ಬೇಕಾದ ಕೆಲಸಗಳ ಪಟ್ಟಿ ಬದಲು ಗೊತ್ತಿಲ್ಲದ ವಿಷಯಗಳ ಪಟ್ಟಿ ಬರೆದೆ. ಒಂದು ದೊಡ್ಡ ಹಾಳೆ, ಮೂರು ಕಾಲಂ: ಏನು ಗೊತ್ತಿಲ್ಲ, ಅದರ ಮೇಲೆ ಯಾವ ನಿರ್ಧಾರ ನಿಂತಿದೆ, ಬೋರ್ಡ್ ಬಂದ ಮೇಲೆ ಅದು ಬದಲಾದ್ರೆ ಏನೇನು ಬಿಸಾಕ್ಬೇಕು. ಮೂರನೇ ಕಾಲಮ್ಮೇ ಮುಖ್ಯ, ಅದರಲ್ಲಿ "ಏನೂ ಇಲ್ಲ" ಅಂತಿರೋ ಸಾಲುಗಳನ್ನ ಹೊಡೆದು ಹಾಕ್ದೆ. ಎಲ್‌ಇಡಿ ಯಾವ ಬಣ್ಣ, ಬಟನ್ ಎಡಕ್ಕಾ ಬಲಕ್ಕಾ, ಇದಕ್ಕೆಲ್ಲ ಮೂರ್ ಮೂರು ಆಯ್ಕೆ ಇಟ್ಕೊಂಡು ಕೂತ್ರೆ ಗಿಡ ಒಣಗಿ ಹೋಗತ್ತೆ ಅಷ್ಟೇ.

ಈ ಸಲ ಹೆಚ್ಚು ಸಮಯ ತಿಂದಿದ್ದು ಪಂಪು. ಗುಂಪಿನಲ್ಲಿ ಮೂರು ಇದ್ವು: ನೀರಲ್ಲಿ ಮುಳುಗಿಸೋ ಪುಟ್ಟ ಪಂಪು, ಪೆರಿಸ್ಟಾಲ್ಟಿಕ್ ಪಂಪು (ರೋಲರ್‌ಗಳು ಟ್ಯೂಬನ್ನ ಒತ್ತುತ್ತಾ ನೀರು ತಳ್ಳೋದು), ಆಮೇಲೆ ಟ್ಯಾಂಕನ್ನ ಮೇಲಿಟ್ಟು ಸೊಲೆನಾಯ್ಡ್ ವಾಲ್ವ್ (ಕರೆಂಟ್ ಕೊಟ್ರೆ ತೆರೆಯೋ ನಲ್ಲಿ) ಹಾಕೋದು.

ವಾಲ್ವ್ ಕಾಗದದ ಮೇಲೇ ಸತ್ತೋಯ್ತು. ಎಲ್ಲಾ ಕಡೆ ಸಿಗೋ ಆ ಅರ್ಧ ಇಂಚಿನ 12 ವೋಲ್ಟ್ ವಾಲ್ವ್‌ಗಳಲ್ಲಿ ಬಹಳಷ್ಟು ತೆರೆಯೋಕೆ ನೀರಿನ ಒತ್ತಡವೇ ಬೇಕು, ಡೇಟಾಶೀಟಲ್ಲಿ ಕನಿಷ್ಠ 0.02 ಮೆಗಾಪಾಸ್ಕಲ್ ಅಂತ ಇರತ್ತೆ. ಅಂದ್ರೆ ಸುಮಾರು 2 ಮೀಟರ್ ನೀರಿನ ಎತ್ತರ. ನನ್ನ ಟ್ಯಾಂಕು ಅಷ್ಟು ಮೇಲೆ ಹೋಗೋ ಮಾತೇ ಇಲ್ಲ. ಆಯ್ಕೆ ಗುಂಪಿನಲ್ಲಿ ಇದ್ದಿದ್ದಕ್ಕೆ ಆದ ಖರ್ಚು ಒಂದು ಗುಣಾಕಾರ.

ಮುಳುಗೋ ಪಂಪಿನ ಲೇಬಲ್ ಮೇಲೆ 3ರಿಂದ 6 ವೋಲ್ಟ್, ಹೆಡ್ (ನೀರನ್ನ ಎಷ್ಟು ಎತ್ತರಕ್ಕೆ ಏರಿಸತ್ತೆ ಅನ್ನೋದು) 40ರಿಂದ 110 ಸೆಂಟಿಮೀಟರ್ ಅಂತ ಬರೆದಿತ್ತು. 40 ಎಲ್ಲಿ 110 ಎಲ್ಲಿ, ನನ್ನ ಮೇಲಿನ ಸ್ಟ್ಯಾಂಡಿನ ಕುಂಡ ಸರಿಯಾಗಿ ಇದರ ಮಧ್ಯೆ ಬರತ್ತೆ, ಹಾಗಾಗಿ ಅಳೀಲೇಬೇಕಾಯ್ತು. ಬಕೆಟಲ್ಲಿ ನೀರು, ಪಕ್ಕದಲ್ಲಿ ಉದ್ದನೆ ಕೋಲು, ಕೋಲಿಗೆ 10 ಸೆಂಟಿಮೀಟರಿಗೊಂದು ಗೆರೆ, ಟ್ಯೂಬನ್ನ ಒಂದೊಂದು ಗೆರೆಗೂ ಕಟ್ಟಿ 30 ಸೆಕೆಂಡಲ್ಲಿ ಅಳತೆ ಜಾರಿಗೆ ಎಷ್ಟು ಬೀಳತ್ತೆ ಅಂತ ಬರ್ಕೊಳ್ಳೋದು, ಆಮೇಲೆ ಬೆಂಚ್ ಸಪ್ಲೈಯಲ್ಲಿ (ಬೇಕಾದ ವೋಲ್ಟೇಜ್ ಕೊಡೋ ಪೆಟ್ಟಿಗೆ) ವೋಲ್ಟೇಜ್ ಬದಲಾಯಿಸಿ ಮತ್ತೆ ಕೆಳಗಿಂದ ಶುರು. ಜಾರಿಗೆ ಬೀಳೋ ನೀರು ಮತ್ತೆ ಬಕೆಟಿಗೇ ಸುರೀಬೇಕು, ಇಲ್ಲಾಂದ್ರೆ ಬಕೆಟಿನ ಮಟ್ಟ ಇಳಿದು ಅಳತೆ ತಪ್ಪಾಗತ್ತೆ, ಯಾಕಂದ್ರೆ ಪಂಪು ಏರಿಸ್ಬೇಕಾದ ಎತ್ತರ ಲೆಕ್ಕ ಹಾಕೋದು ನೀರಿನ ಮೇಲ್ಮೈಯಿಂದ.

ಬ್ಯಾಟರಿ ತುಂಬಿದಾಗಿನ 4.2 ವೋಲ್ಟಲ್ಲಿ ನೀರು 75 ಸೆಂಟಿಮೀಟರ್ ಹತ್ತಿರ ನಿಂತೋಯ್ತು. 3.3 ವೋಲ್ಟಿಗೆ ಇಳಿಸಿದಾಗ 45ರ ಆಸುಪಾಸು. ವೋಲ್ಟೇಜ್ ಇಳಿದಿದ್ದು ಕಾಲು ಭಾಗಕ್ಕಿಂತ ಕಮ್ಮಿ, ಎತ್ತರ ಇಳಿದಿದ್ದು 40 ಪರ್ಸೆಂಟ್. ಇದು ಪಂಪಿನ ದೋಷ ಅಲ್ಲ, ಈ ಥರದ ಪಂಪಲ್ಲಿ ಹೆಡ್ಡು ತಿರುಗೋ ವೇಗದ ವರ್ಗದ ಹಾಗೆ ಇಳಿಯತ್ತೆ. ಮೇಲಿನ ಕುಂಡದ ಅಂಚು ತುಂಬಿದ ಟ್ಯಾಂಕಿನ ಮಟ್ಟದಿಂದ 60 ಸೆಂಟಿಮೀಟರ್, ಟ್ಯಾಂಕ್ ಖಾಲಿಯಾಗ್ತಾ ಅದು 80 ಆಗತ್ತೆ. ಅಂದ್ರೆ ತುಂಬಿದ ಬ್ಯಾಟರಿ, ತುಂಬಿದ ಟ್ಯಾಂಕ್ ಇಟ್ಟು ಟೆಸ್ಟ್ ಮಾಡಿದ್ರೆ ಚೆನ್ನಾಗೇ ಕೆಲಸ ಮಾಡತ್ತೆ, ವಿಡಿಯೋ ತೆಗೆದು ಹಾಕ್ಬಹುದು, ಬೋರ್ಡ್ ಆರ್ಡರೂ ಮಾಡ್ಬಿಡಬಹುದು, ಆಮೇಲೆ ಕೆಲವು ದಿನಕ್ಕೆ ಮೇಲಿನ ಗಿಡ ಮಾತ್ರ ಬಾಡೋಕೆ ಶುರು, ಕಾರಣ ಹುಡುಕಿದ್ರೆ ಬೋರ್ಡಲ್ಲಿ ಬೂಸ್ಟ್ ಕನ್ವರ್ಟರಿಗೆ (ಬ್ಯಾಟರಿ ವೋಲ್ಟೇಜನ್ನ ಏರಿಸೋ ಭಾಗ) ಜಾಗ ಇಲ್ಲ. ಕೊನೇ ಘಳಿಗೆಯ ಬದಲಾವಣೆ ಹೀಗೇ ಬರೋದು.

5 ವೋಲ್ಟಿಗೆ ಏರಿಸಿ ಕೊಟ್ರೆ 105ರ ವರೆಗೂ ಹೋಗತ್ತೆ, 80ರಲ್ಲಿ ಸಣ್ಣಗಾದ್ರೂ ಬರತ್ತೆ, ಬ್ಯಾಟರಿ ಇಳಿದ್ರೂ ಅದೇ. ಮೂರೂ ವೋಲ್ಟೇಜಿನ ಗೆರೆಗಳನ್ನ ಒಂದೇ ಗ್ರಾಫಲ್ಲಿ ಎಳೆದು ಹಾಳೆಗೆ ಅಂಟಿಸಿದೀನಿ. ಲೀನ್‌ನವರು ಟ್ರೇಡ್ ಆಫ್ ಕರ್ವ್ ಅಂತ ಹೇಳೋದು ಇದನ್ನೇ. ಈ ಪಂಪನ್ನ ಕೊನೇಗೆ ಬಳಸದೇ ಇದ್ರೂ ಮುಂದೆ ಯಾವುದೇ ಪ್ರಾಜೆಕ್ಟಿಗೆ ಆ ಗ್ರಾಫ್ ಹಾಗೇ ಉಪಯೋಗಕ್ಕೆ ಬರತ್ತೆ, ಹಾಗಾಗಿ ಮೂರು ಮಾಡಿ ಎರಡು ಬಿಸಾಕೋದು ವೇಸ್ಟಲ್ವಾ ಅನ್ನೋರ ಮಾತು ನಾನು ಒಪ್ಪಲ್ಲ.

ಟ್ಯಾಂಕನ್ನೇ ಸ್ಟೂಲ್ ಮೇಲಿಟ್ರೆ ಹೆಡ್ ಸಮಸ್ಯೆನೇ ಇಲ್ವಲ್ಲ ಅಂತ ಒಬ್ರು ಕೇಳಿದ್ರು. ನಿಜ, ಆದ್ರೆ ಕೆಳಗಿನ ಕುಂಡಗಳು ಆಗ ಟ್ಯಾಂಕಿನ ನೀರಿಗಿಂತ ಕೆಳಗೆ ಬರ್ತವೆ, ಪಂಪ್ ನಿಂತ ಮೇಲೂ ಸೈಫನ್ ಆಗಿ ಟ್ಯಾಂಕ್ ಪೂರ್ತಿ ಕುಂಡಕ್ಕೆ ಹೋಗಿ ನೆಲಕ್ಕೆ ಹರಿಯತ್ತೆ. ಟ್ಯೂಬಿನ ಎತ್ತರದ ಜಾಗದಲ್ಲಿ ಗಾಳಿ ಹೋಗೋಕೆ ಸಣ್ಣ ತೂತು ಮಾಡಿದ್ರೆ ನಿಲ್ಲತ್ತೆ, ಪಂಪ್ ನಡೀವಾಗ ಅದರಿಂದ ಸ್ವಲ್ಪ ಚಿಮ್ಮತ್ತೆ ಅಷ್ಟೇ. ಪೆರಿಸ್ಟಾಲ್ಟಿಕ್ ಇಲ್ಲಿ ಗೆಲ್ಲತ್ತೆ, ರೋಲರ್ ಟ್ಯೂಬನ್ನ ಯಾವಾಗ್ಲೂ ಒತ್ತಿ ಹಿಡಿದಿರತ್ತೆ, ಹಾಗಾಗಿ ಸೈಫನ್ ಅನ್ನೋದೇ ಇಲ್ಲ, ಈ ಎತ್ತರಗಳು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆದ್ರೆ ನಿಧಾನ, ಸದ್ದು ಬೇರೆ, ಮತ್ತೆ ಟ್ಯೂಬ್ ಸವೆಯತ್ತೆ. ಎಷ್ಟು ಬೇಗ ಸವೆಯತ್ತೆ ಅನ್ನೋದು ಹಾಳೆಯಲ್ಲಿ ಇನ್ನೂ ಖಾಲಿ.

ಹಾಗಾದ್ರೆ ಎರಡು ಪಂಪಿಟ್ಕೊಂಡು ಡಬ್ಬದ ಕೆಲಸ ಹೇಗೆ ಮುಂದಕ್ಕೆ ಹೋಗತ್ತೆ? ಎರಡಕ್ಕೂ ಒಗ್ಗೋ ಗಡಿಗಳನ್ನ ಮಾತ್ರ ಗಟ್ಟಿ ಮಾಡಿದೀನಿ. ಎರಡರಲ್ಲಿ ದಪ್ಪ ಇರೋ ಪಂಪಿನ ಅಳತೆಗೆ ಜಾಗ, 18650 ಅನ್ನೋ ಲಿಥಿಯಂ ಬ್ಯಾಟರಿ ಸೆಲ್ಲಿಗೆ ಜಾಗ (18 ಮಿಲಿಮೀಟರ್ ದಪ್ಪ, 65 ಉದ್ದ, ಹೋಲ್ಡರ್ ಬೇರೆ), ಬೋರ್ಡಲ್ಲಿ ವೋಲ್ಟೇಜ್ ಹೊಂದಿಸೋಕಾಗೋ ಬೂಸ್ಟ್, ಪಂಪನ್ನ ಆನ್ ಆಫ್ ಮಾಡೋಕೆ ಒಂದು ಮಾಸ್ಫೆಟ್, ಒಂದು ಡಯೋಡ್. ಯಾವ ಪಂಪ್ ಉಳಿದ್ರೂ ಇವು ಯಾವುದೂ ಬದಲಾಗಲ್ಲ.

ಬೋರ್ಡಿನ ಕಡೆ ಬೇಗ ಮುಗೀತು. ಇಎಸ್‌ಪಿ32ರಲ್ಲಿ ಸೆನ್ಸರಿನ ವೋಲ್ಟೇಜ್ ಓದೋಕೆ ಎಡಿಸಿ1, ಎಡಿಸಿ2 ಅಂತ ಎರಡು ಘಟಕ ಇವೆ. ವೈಫೈ ಆನ್ ಇದ್ದಾಗ ಎಡಿಸಿ2ರ ಪಿನ್‌ಗಳನ್ನ ನಂಬ್ಕೊಳ್ಳೋ ಹಾಗಿಲ್ಲ, ಹಾಗಾಗಿ ಸೆನ್ಸರ್‌ಗಳೆಲ್ಲ 32ರಿಂದ 39ರ ಪಿನ್‌ಗಳ ಕಡೆ, ಅಂದ್ರೆ ಎಡಿಸಿ1ಕ್ಕೆ. ಬ್ರೆಡ್‌ಬೋರ್ಡಲ್ಲಿ (ಬೆಸುಗೆ ಇಲ್ಲದೇ ತಂತಿ ಚುಚ್ಚಿ ಪ್ರಯೋಗ ಮಾಡೋ ಬೋರ್ಡು) ವೈಫೈ ಇಲ್ಲದೇ ಟೆಸ್ಟ್ ಮಾಡೋರಿಗೆ ಇದು ಗೊತ್ತಾಗೋದೇ ಬೋರ್ಡ್ ಬಂದ ಮೇಲೆ. ಪಂಪ್ ಸ್ಟಾರ್ಟ್ ಆಗೋದೂ ವೈಫೈ ಕಳಿಸೋದೂ ಒಟ್ಟಿಗೆ ಆದ್ರೆ ವೋಲ್ಟೇಜ್ ಕುಸಿದು ಬ್ರೌನ್‌ಔಟ್ ರೀಸೆಟ್ ಆಗತ್ತೆ (ಚಿಪ್ಪು ತಾನಾಗೇ ಮತ್ತೆ ಶುರುವಾಗತ್ತೆ), ಮೊದಲು ನೀರು ಆಮೇಲೆ ವೈಫೈ ಅಂತ ಕೋಡಲ್ಲೇ ಸರಿಹೋಗೋ ವಿಷಯ ಇದು, ಹಾಗಾಗಿ ಹಾಳೆಯಿಂದ ತೆಗೆದೆ.

ಬೇಗ ಮಾಡಿ ಬೇಗ ಒಡೆದು ಕಲಿ ಅನ್ನೋರಿದಾರೆ, ಅವರ ಜೊತೆ ನನಗೆ ಜಗಳ ಇಲ್ಲ, ಸಾಫ್ಟ್‌ವೇರಲ್ಲಿ ಅದು ಸರಿ. ಬೋರ್ಡ್ ಒಂದು ಸುತ್ತು ಬರೋಕೆ ವಾರಗಟ್ಟಲೆ ಆಗೋ ಕಡೆ ಏನನ್ನ ಒಡೀತೀರಿ ಅನ್ನೋದು ಮುಖ್ಯ. ಪೂರ್ತಿ ಡಬ್ಬ ಒಡೆಯೋದಕ್ಕಿಂತ ಬಕೆಟ್ಟು ಕೋಲು ಒಡೆದ್ರೆ ಅಗ್ಗ. ರೈಟ್ ಸಹೋದರರೂ ಇದನ್ನೇ ಮಾಡಿದ್ದು: 1900, 1901ರ ಗ್ಲೈಡರ್‌ಗಳು ಲೆಕ್ಕಕ್ಕೆ ಬಂದಷ್ಟು ಎತ್ತಲಿಲ್ಲ ಅಂತಾದಾಗ ಮೂರನೇದನ್ನ ಅಂದಾಜಲ್ಲಿ ಕಟ್ಟಲಿಲ್ಲ, 1901ರ ಕೊನೇಲಿ ಒಂದು ಪುಟ್ಟ ವಿಂಡ್ ಟನಲ್ (ಒಳಗೆ ಗಾಳಿ ಬೀಸೋ ಪೆಟ್ಟಿಗೆ) ಮಾಡಿ ನೂರಕ್ಕೂ ಹೆಚ್ಚು ಪುಟಾಣಿ ರೆಕ್ಕೆಗಳನ್ನ ಅದರಲ್ಲಿಟ್ಟು ಅಳೆದ್ರು. 1902ರ ಗ್ಲೈಡರ್ ಆ ಅಂಕಿಗಳ ಮೇಲೆ ಕಟ್ಟಿದ್ದು, 1903ರ ಡಿಸೆಂಬರಲ್ಲಿ ಎಂಜಿನ್ ಹಾಕಿ ಹಾರಿದ್ರು.

ಸದ್ಯಕ್ಕೆ ಹಾಳೆಯಲ್ಲಿ ಎರಡೇ ಸಾಲು ಉಳಿದಿವೆ. ಒಂದು, ಮಣ್ಣಿನ ತೇವ ನೋಡೋ ಕೆಪ್ಯಾಸಿಟಿವ್ ಸೆನ್ಸರಿನ ಕತ್ತರಿಸಿದ ಅಂಚು ನೀರು ಹೀರ್ಕೊಳ್ಳತ್ತಾ ಅಂತ, ಮೂರು ಸೆನ್ಸರ್‌ಗಳು ಒಂದೇ ಒದ್ದೆ ಮಣ್ಣಿನ ಡಬ್ಬೀಲಿ ಕೂತಿವೆ, ಒಂದಕ್ಕೆ ಏನೂ ಹಚ್ಚಿಲ್ಲ, ಒಂದಕ್ಕೆ ನೈಲ್ ಪಾಲಿಶ್, ಒಂದಕ್ಕೆ ಎಪಾಕ್ಸಿ, ಏನೂ ಹಚ್ಚದೇ ಇರೋದರ ರೀಡಿಂಗ್ ಈಗಾಗ್ಲೇ ಮಿಕ್ಕೆರಡರಿಂದ ಜಾರ್ತಾ ಇದೆ. ಇನ್ನೊಂದು ಪೆರಿಸ್ಟಾಲ್ಟಿಕ್ ಟ್ಯೂಬಿನ ಸವೆತ, ಅದು ಮೇಜಿನ ಕೆಳಗೆ ಬಕೆಟಿಂದ ಬಕೆಟಿಗೆ ನೀರು ತಿರುಗಿಸ್ತಾ ಸದ್ದು ಮಾಡ್ತಿದೆ. ಸಿಲಿಕೋನ್ ಟ್ಯೂಬ್ ಹಾಕಿ ದಿನಾ ಓಡಿಸಿ ನೋಡಿದೋರು ಯಾರಾದ್ರೂ ಇದ್ರೆ, ಎಷ್ಟು ಗಂಟೆ ಆದ್ಮೇಲೆ ಹರಿವು ಇಳಿಯೋಕೆ ಶುರುವಾಯ್ತು ಅನ್ನೋ ಅಂಕಿ ಕೊಡಿ, ವೋಲ್ಟೇಜೂ ಟ್ಯೂಬಿನ ಒಳ ಅಳತೆನೂ ಜೊತೆಗೆ ಹಾಕಿ, ಇಲ್ಲಾಂದ್ರೆ ನನ್ನ ಗ್ರಾಫಲ್ಲಿ ಕೂರಿಸೋಕಾಗಲ್ಲ.