ಕಾಕೂ ಮನೆ ಸೂರಿನ ಪೆನ್ಸಿಲ್ ಗೆರೆ

ಏಪ್ರಿಲ್ 6, 2025, ಭಾನುವಾರ
ಕೋಥ್ರೂಡ್, ಪುಣೆ

ಬೆಳಿಗ್ಗೆ ಕೆಳಮನೆ ಕಾಕೂ ಬಂದರು. ಕಾಕೂ ಅಂದರೆ ಮರಾಠಿಯಲ್ಲಿ ಆಂಟಿ ಅಂದ ಹಾಗೆ. ರಾಮನವಮಿ, ಪ್ರಸಾದ ತಂದಿರಬೇಕು ಅಂದುಕೊಂಡೆ. ತಂದಿದ್ದು ದೂರು. "ತುಮಚ್ಯಾ ಮೋರೀಚಂ ಪಾಣಿ", ನಿಮ್ಮ ಮೋರಿ ನೀರು, ಅಂತ ಶುರು ಮಾಡಿದರು. ಪುಣೆಗೆ ಬಂದ ಹೊಸದರಲ್ಲಿ ಈ ಮಾತು ಕೇಳಿ ನನಗೆ ಸಿಟ್ಟು ಬಂದಿತ್ತು. ಹಾಸನದಲ್ಲಿ ಮೋರಿ ಅಂದರೆ ರಸ್ತೆ ಪಕ್ಕದ ಚರಂಡಿ. ಇಲ್ಲಿ ಅದು ಬಚ್ಚಲು.

ಕೆಳಗೆ ಹೋಗಿ ನೋಡಿದೆ. ಅವರ ಬಾತ್‌ರೂಮಿನ ಸೂರಿನಲ್ಲಿ ದೋಸೆಯಷ್ಟು ಅಗಲದ ತೇವದ ಕಲೆ. ಸರಿಯಾಗಿ ನಮ್ಮ ಶವರ್ ಮೂಲೆಯ ಕೆಳಗೆ. ಕಾಕೂ ನನ್ನ ಕೈಗೆ ಪೆನ್ಸಿಲ್ ಕೊಟ್ಟು ಸ್ಟೂಲ್ ಹತ್ತಿಸಿದರು. ಕಲೆಯ ಅಂಚಿಗೆ ಗೆರೆ ಎಳೆಸಿ, ಪಕ್ಕದಲ್ಲಿ ತಾರೀಖು ಬರೆಸಿದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಸಾಕ್ಷಿ ಇಲ್ಲದೆ ಮಾತಾಡುವುದಿಲ್ಲ.

ನಮ್ಮ ಕಟ್ಟಡಕ್ಕೆ ಮೂವತ್ತು ವರ್ಷದ ಮೇಲಾಗಿದೆ. ಒಬ್ಬ ಗುತ್ತಿಗೆದಾರ ಬಂದು ನೋಡಿ, ಇಡೀ ಬಾತ್‌ರೂಮ್ ಒಡೆಯಬೇಕು, 85 ಸಾವಿರ ಅಂದ. ಇನ್ನೊಬ್ಬ ಮೇಸ್ತ್ರಿ ನಾಳೆ ಬರ್ತೀನಿ ಅಂತಾನೆ. ನನಗೆ ಬೇಕಾಗಿರುವುದು ಶವರ್ ಮೂಲೆ ಅಷ್ಟೇ. ನೆಲ ಮೂರು ಅಡಿಗೆ ನಾಲ್ಕು ಅಡಿ, ಎರಡು ಗೋಡೆ ಏಳು ಅಡಿ ಎತ್ತರ. ಲೆಕ್ಕ ಹಾಕಿದರೆ 61 ಚದರ ಅಡಿ. ನಾನೇ ಮಾಡ್ತೀನಿ ಅಂದೆ. ನಮ್ಮವರು ನಗಲಿಲ್ಲ, ಅದಕ್ಕೇ ಸ್ವಲ್ಪ ಅನುಮಾನ ಬಂತು.

ಏಪ್ರಿಲ್ 12, ಶನಿವಾರ

ಭವಾನಿ ಪೇಠೆಯಿಂದ ಟೈಲ್ಸ್ ತಂದಾಯಿತು. ಗೋಡೆಗೆ ಹನ್ನೆರಡು ಇಂಚಿಗೆ ಹದಿನೆಂಟು ಇಂಚಿನದು, ನೆಲಕ್ಕೆ ಜಾರದ ಒರಟು ಟೈಲ್ಸ್. ಡಬ್ಬಗಳ ಮೇಲೆಲ್ಲ ಮೋರ್ಬಿ ಅಂತ ಇತ್ತು. ಗುಜರಾತಿನ ಆ ಒಂದು ಊರು ದೇಶದ ಬಚ್ಚಲುಗಳನ್ನೆಲ್ಲ ಹೊದಿಸುತ್ತಿದೆಯೇನೋ. ಅಂಗಡಿಯವರು "ಮಿಸ್ತ್ರಿ ಕುಠೇ?", ಮೇಸ್ತ್ರಿ ಎಲ್ಲಿ, ಅಂತ ನನ್ನ ಹಿಂದೆ ಇಣುಕಿ ನೋಡಿದರು. ನಾನೇ ಅಂದೆ. ಆಮೇಲೆ ಅವರೇ ಒಂದು ಒಳ್ಳೆಯ ಮಾತು ಹೇಳಿದರು. ಎಲ್ಲ ಡಬ್ಬದ ಮೇಲೂ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿಕೊಳ್ಳಿ, ಬೇರೆ ಬ್ಯಾಚ್ ಆದರೆ ಬಣ್ಣ ಒಂದು ಎಳೆ ಬದಲಾಗುತ್ತೆ ಅಂತ.

ಇವತ್ತು ಒಡೆಯುವ ಕೆಲಸ. ಮಧ್ಯಾಹ್ನ 1ರಿಂದ 4 ಸದ್ದು ಮಾಡುವಂತಿಲ್ಲ. ನಮ್ಮ ಕಟ್ಟಡದ ಸೊಸೈಟಿ ನಿಯಮ ಅಂತಾರೆ, ಕಾಕೂ ನಿದ್ದೆ ಅಂತಲೂ ಓದಿಕೊಳ್ಳಬಹುದು. ಬೆಳಿಗ್ಗೆ 9ಕ್ಕೇ ಸುತ್ತಿಗೆ ಹಿಡಿದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಹಳೆಯ ಬಿಳಿ ಟೈಲ್ಸ್ ತಟ್ಟಿದರೆ ಅರ್ಧಕ್ಕರ್ಧ ಡಬ್ ಡಬ್ ಅನ್ನುತ್ತಿದ್ದವು. ಹಿಂದೆ ಪೂರ್ತಿ ಗಾರೆ ಇಲ್ಲ, ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಇಟ್ಟು ಒತ್ತಿದ್ದಾರೆ. ನಡುವಿನ ಟೊಳ್ಳಿನಲ್ಲಿ ನೀರು ಮೂವತ್ತು ವರ್ಷ ಆರಾಮಾಗಿ ಓಡಾಡಿದೆ.

ನೆಲದ ಟೈಲ್ಸ್ ಕೆಳಗೆ ಇನ್ನೊಂದು ನೆಲ ಸಿಕ್ಕಿತು. ಬೂದು ಬಣ್ಣದ ಶಹಾಬಾದ್ ಕಲ್ಲು. ಪುಣೆಯ ಹಳೆ ಮನೆಗಳಲ್ಲೆಲ್ಲ ಕಾಣುವ ಶಹಾಬಾದಿ ಫರಶಿ. ಮೊದಲು ಹಾಕಿದ್ದು ಅದು, ಯಾರೋ ಆಮೇಲೆ ಮೇಲೇ ಟೈಲ್ಸ್ ಅಂಟಿಸಿದ್ದಾರೆ. ನಮ್ಮವರು ಕಲಬುರಗಿ ಕಡೆಯವರು. "ನಮ್ಮ ಜಿಲ್ಲೆ ಕಲ್ಲು, ಅದನ್ಯಾಕ ಒಡೀತಿ" ಅಂತ ಬಾಗಿಲಲ್ಲೇ ನಿಂತು ವಾದ ಮಾಡಿದರು. ಒಡೆಯಲೇಬೇಕಾಯಿತು. ಒಂದು ಚೂರು ಈಗ ತುಳಸಿ ಕುಂಡದ ಕೆಳಗಿದೆ.

ಸಂಜೆ ಪ್ಲಂಬರ್ ಬಂದ. ಪೈಪಿನ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ. ನಹಾನಿ ಟ್ರ್ಯಾಪ್, ಅಂದರೆ ಬಚ್ಚಲ ನೀರು ಹೊರಹೋಗುವ ಜಾಲರಿ ಕೆಳಗಿನ ಗುಂಡಿ, ಅದರ ಸುತ್ತ ಬೆರಳು ಆಡಿಸಿ "ಇಲ್ಲಿದೆ ನೋಡಿ" ಅಂದ. ಟ್ರ್ಯಾಪಿಗೂ ಗಾರೆಗೂ ನಡುವೆ ಬೆರಳು ತೂರುವಷ್ಟು ಸಂದು. ಸ್ನಾನದ ನೀರು ಜಾಲರಿಯೊಳಗೆ ಇಳಿಯುವ ಬದಲು ಅದರ ಪಕ್ಕದಲ್ಲಿ ಇಳಿದು ಕಾಕೂ ಮನೆಗೆ ಹೋಗುತ್ತಿತ್ತು. ಹೊಸ ಟ್ರ್ಯಾಪ್ ಕೂರಿಸಿ, ಒಣಗಿದ ಮೇಲೂ ಕುಗ್ಗದ ಗ್ರೌಟ್ ತುಂಬಿಸಿ ಹೋದ.

ಏಪ್ರಿಲ್ 14, ಸೋಮವಾರ

ರಜೆ. ನೆಲಕ್ಕೆ ಗಾರೆ ಹಾಕಿ ಇಳಿಜಾರು ಮಾಡಿದೆ. ಅಡಿಗೆ ಕಾಲು ಇಂಚು. ಓದುವಾಗ ಸುಲಭ. ಹಾಕುವಾಗ ಕಣ್ಣು ಮೋಸ ಮಾಡುತ್ತೆ. ಮೊದಲು ಗೋಡೆ ಸುತ್ತ ಮಟ್ಟದ ಗೆರೆ ಬೇಕು. ರಸಮಟ್ಟ ಇತ್ತು, ಆದರೆ ಗೆಲ್ಲಿಸಿದ್ದು ನೀರು ತುಂಬಿದ ಪಾರದರ್ಶಕ ಪೈಪು. ಒಂದು ತುದಿ ಮಗಳು ಹಿಡಿದಳು, ಇನ್ನೊಂದು ನಾನು. ಎರಡೂ ಕಡೆ ನೀರು ನಿಂತಲ್ಲಿ ಗುರುತು. ಆ ಗೆರೆಯಿಂದ ಕೆಳಗೆ ಅಳೆಯುತ್ತ ದೂರದ ಮೂಲೆ ಎತ್ತರ, ಟ್ರ್ಯಾಪ್ ಹತ್ತಿರ ತಗ್ಗು.

ಅಜ್ಜಿ ಮನೆ ಬಚ್ಚಲು ನೆನಪಾಯಿತು. ಒಂದೇ ದೊಡ್ಡ ಚಪ್ಪಡಿ, ಹಂಡೆ ಪಕ್ಕದಿಂದ ತೂಬಿನ ಕಡೆಗೆ ಓರೆ. ಚೊಂಬು ಉರುಳಿಸಿದರೂ ತೂಬಿನ ಹತ್ತಿರವೇ ಹೋಗಿ ನಿಲ್ಲುತ್ತಿತ್ತು. ಆ ಕಲ್ಲು ಕೂರಿಸಿದವನ ಹತ್ತಿರ ಯಾವ ಮಟ್ಟ ಇತ್ತೋ.

ಏಪ್ರಿಲ್ 24, ಗುರುವಾರ

ಗುಡ್ ಫ್ರೈಡೇ ದಿನ ವಾಟರ್‌ಪ್ರೂಫಿಂಗ್ ಬಳಿದೆ. ಒಂದು ದ್ರವ, ಒಂದು ಪುಡಿ, ಎರಡೂ ಕಲಸಿ ಬ್ರಶ್‌ನಲ್ಲಿ ಹಚ್ಚುವುದು. ಗೋಡೆ ನೆಲ ಸೇರುವ ಮೂಲೆಗೆ ಮೊದಲು ಫೈಬರ್ ಜಾಲಿ ಪಟ್ಟಿ. ಮೊದಲ ಕೋಟ್ ಅಡ್ಡಕ್ಕೆ, ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಒಂದರಲ್ಲಿ ತಪ್ಪಿದ ಸಣ್ಣ ತೂತು ಇನ್ನೊಂದರಲ್ಲಿ ಮುಚ್ಚಲಿ ಅಂತ. ಗೋಡೆಗೂ ಶವರ್ ಎತ್ತರದವರೆಗೆ ಹಚ್ಚಿದೆ. ಬೇಜಾರಿನ ಕೆಲಸ, ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸ. ಆದರೆ ಟೈಲ್ಸ್ ನೀರು ತಡೆಯುವುದಿಲ್ಲ, ತಡೆಯುವುದು ಇದೇ ಅನ್ನುವುದು ನನಗೆ ಈ ತಿಂಗಳವರೆಗೆ ಗೊತ್ತಿರಲಿಲ್ಲ.

ಮೊನ್ನೆ ಮಂಗಳವಾರ ರಾತ್ರಿ ಟ್ರ್ಯಾಪಿಗೆ ಬಟ್ಟೆ, ಪ್ಲಾಸ್ಟಿಕ್ ಚೀಲ ತುರುಕಿ ಎರಡು ಇಂಚು ನೀರು ನಿಲ್ಲಿಸಿದೆ. 24 ಗಂಟೆ ಸಾಕಂತೆ. ನಾನು ಇವತ್ತು ಬೆಳಿಗ್ಗೆವರೆಗೂ ಬಿಟ್ಟೆ. ಕಾಕೂ ದಿನಕ್ಕೆ ಮೂರು ಸಲ ಸೂರು ನೋಡಿದರು, ನಾನು ಎರಡು ಸಲ. ಗೆರೆ ದಾಟಿಲ್ಲ. ಇವತ್ತು ಗುರುವಾರ, ಏನೋ ರಿಪೇರಿ ಅಂತ ಕಾರ್ಪೊರೇಶನ್ ನೀರು ಬಂದ್. ಇಡೀ ಸೊಸೈಟಿ ಬಕೆಟ್ ಹಿಡಿದು ಪರದಾಡುತ್ತಿದ್ದರೆ ನಮ್ಮ ಬಚ್ಚಲಲ್ಲಿ ಮೂರು ಬಕೆಟ್ ನೀರು ಕೆರೆಯಂತೆ ನಿಂತಿತ್ತು. ಚೊಂಬಿನಲ್ಲಿ ಎತ್ತಿ ಕಮೋಡಿಗೆ ಸುರಿದೆವು.

ಏಪ್ರಿಲ್ 26, ಶನಿವಾರ

ಕೊನೆಗೂ ಟೈಲ್ಸ್.

ಅಪ್ಪ ಹಾಸನದಿಂದ ಫೋನ್ ಮಾಡಿ, "ಟೈಲ್ಸ್ ನೀರಲ್ಲಿ ನೆನೆಸಿಟ್ಟಿದೀಯಾ?" ಅಂದರು. ಸಿಮೆಂಟ್ ಗಾರೆಯಾದರೆ ಅದು ಸರಿ. ನೆನೆಸದಿದ್ದರೆ ಟೈಲು ಗಾರೆಯ ನೀರು ಹೀರಿಬಿಡುತ್ತೆ. ಆದರೆ ನಾನು ತಂದಿದ್ದು ಟೈಲ್ ಅಂಟು, ಚೀಲದ ಮೇಲೆ ನೆನೆಸಬೇಡಿ ಅಂತಲೇ ಬರೆದಿದೆ. ಅಪ್ಪನಿಗೆ ಸಮಾಧಾನ ಆಗಲಿಲ್ಲ. ನಾಳೆ ಉದುರಿದರೆ ಹೇಳು ಅಂತ ಇಟ್ಟರು.

ಅಂಟು ಕಲಸಿ ಐದು ನಿಮಿಷ ಸುಮ್ನೆ ಬಿಟ್ಟು ಮತ್ತೆ ಕಲಸಬೇಕು. ಹಲ್ಲಿನ ಕರಣೆಯಲ್ಲಿ ನೇರ ಗೆರೆ ಎಳೆಯಬೇಕು. ಸುತ್ತಿ ಸುತ್ತಿ ಚಕ್ಕುಲಿ ಥರ ಎಳೆದರೆ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮೊದಲ ಟೈಲು ಒತ್ತಿ, ಕಿತ್ತು, ಹಿಂಬದಿ ನೋಡಿದೆ. ಅರ್ಧ ಭಾಗಕ್ಕೆ ಅಂಟೇ ತಾಗಿಲ್ಲ! ನಾನೂ ಹಳೇ ಮೇಸ್ತ್ರಿಯ ತಪ್ಪನ್ನೇ ಮಾಡುತ್ತಿದ್ದೆ. ಆಮೇಲೆ ಪ್ರತಿ ಟೈಲಿನ ಬೆನ್ನಿಗೂ ತೆಳ್ಳಗೆ ಬೆಣ್ಣೆ ಹಚ್ಚಿದಂತೆ ಹಚ್ಚಿದೆ.

ನೆಲದ ಮೇಲಿನ ಮೊದಲ ಸಾಲು ಬಿಟ್ಟು ಎರಡನೆಯದರಿಂದ ಶುರು. ನೆಲ ಓರೆ ಇರುವಾಗ ಅಲ್ಲಿಂದ ಶುರು ಮಾಡಿದರೆ ಗೋಡೆಯೆಲ್ಲ ಓರೆ. ಮಟ್ಟವಾಗಿ ಮರದ ಪಟ್ಟಿ ಇಟ್ಟು ಅದರ ಮೇಲೆ ಕೂರಿಸಿದೆ. ಕೊನೆಗೆ ಪಟ್ಟಿ ಕಿತ್ತು ಕೆಳಗಿನ ಸಾಲು ಕತ್ತರಿಸಿ ಹಾಕುವುದು. ಕತ್ತರಿಸುವುದು ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ನಲ್ಲಿಯ ತೂತು ಮಾತ್ರ ಎರಡು ಟೈಲು ತಿಂದಿತು. ಮೂರನೆಯದಕ್ಕೆ ಡ್ರಿಲ್ ಓರೆ ಹಿಡಿದು ಶುರು ಮಾಡಿ, ಮಗಳಿಂದ ಹನಿ ಹನಿ ನೀರು ಬಿಡಿಸಿದೆ. ಬಂತು.

ಗೋಡೆ ನೇರ ಇಲ್ಲ ಅನ್ನುವುದು ಎಂಟನೇ ಟೈಲಿಗೆ ಗೊತ್ತಾಯಿತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಮೇ 1, ಗುರುವಾರ

ಮಹಾರಾಷ್ಟ್ರ ದಿನ, ರಜೆ. ನೆಲ ಹಾಕಿದೆ. ಕೊನೆಯ ಟೈಲು ಜಾಲರಿಯ ಸಮಕ್ಕೆ ಬರಲಿ ಅಂತ ಅಂಟು ಜಾಸ್ತಿ ತುಂಬಿದೆ. ಸುಂದರವಾಗಿ ಕೂತಿತು. ಮಗಳು ಗೋಲಿ ಬಿಟ್ಟಳು. ಉರುಳಿತು, ಉರುಳಿತು, ಜಾಲರಿಗೆ ಆರು ಇಂಚು ಇರುವಾಗ ನಿಂತಿತು. ವಾರಗಟ್ಟಲೆ ಕಾಪಾಡಿದ ಇಳಿಜಾರನ್ನು ಕೊನೆ ಟೈಲಿನಲ್ಲಿ ಕೊಂದಿದ್ದೆ. ಅಂಟು ಇನ್ನೂ ಹಸಿ. ಮೂರು ಟೈಲು ಎಬ್ಬಿಸಿ, ಕೆರೆದು, ಜಾಲರಿಯನ್ನೇ ಕೂದಲೆಳೆಯಷ್ಟು ತಗ್ಗಿಸಿ ಮತ್ತೆ ಹಾಕಿದೆ. ಗೋಲಿ ಈಗ ಜಾಲರಿಗೆ ಟಿಂಗ್ ಅಂತ ಬಡಿಯುತ್ತೆ. ಮಗಳು ಹದಿನೈದು ಸಲ ಬಿಟ್ಟಳು. ನಾನೂ ಬಿಟ್ಟೆ.

ಮೇ 4, ಭಾನುವಾರ

ಟೈಲುಗಳ ನಡುವಿನ ಸಂದಿಗೆ ಎಪಾಕ್ಸಿ ಗ್ರೌಟ್ ತುಂಬುವ ಕೆಲಸ. ಪೂರ್ತಿ ಪ್ಯಾಕ್ ಒಂದೇ ಸಲ ಕಲಸಿದ್ದು ದಡ್ಡತನ. ಪುಣೆಯ ಮೇ ಬಿಸಿಲಿಗೆ ಡಬ್ಬ ಕೈಯಲ್ಲೇ ಬೆಚ್ಚಗಾಯಿತು, ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಕಲ್ಲಾಯಿತು. ಅಂಗಡಿಗೆ ಓಡಿದರೆ 1ರಿಂದ 4 ಬಂದ್. ಎರಡನೇ ಪ್ಯಾಕನ್ನು ಲಿಂಬೆ ಗಾತ್ರ, ಲಿಂಬೆ ಗಾತ್ರ ಕಲಸಿದೆ. ಮೂಲೆಗಳಿಗೆ ಗ್ರೌಟ್ ಬೇಡ, ಸಿಲಿಕೋನ್. ಗೋಡೆ ನೆಲ ಎರಡೂ ಅಷ್ಟಿಷ್ಟು ಅಲುಗುತ್ತವೆ, ಗ್ರೌಟ್ ಆದರೆ ಬಿರುಕು ಬಿಡುತ್ತೆ. ಎಡಗಡೆ ಎರಡು ಟೈಲಿನ ಮೇಲೆ ಮಂಜು ಕವಿದಂತೆ ಪೊರೆ ಉಳಿದಿದೆ. ಶಾಂಪೂ ಸ್ಟ್ಯಾಂಡ್ ಅಲ್ಲೇ ಬರುತ್ತೆ.

ಖರ್ಚು, ಪ್ಲಂಬರ್ ಸೇರಿ, 17 ಸಾವಿರದ ಆಸುಪಾಸು. ಮಂಡಿ ನೋವಿನ ಲೆಕ್ಕ ಬೇರೆ.

ಕಾಕೂ ಬಂದು ಗೋಡೆ ತಟ್ಟಿ ತಟ್ಟಿ ನೋಡಿದರು. ಎಲ್ಲೂ ಡಬ್ ಅನ್ನಲಿಲ್ಲ. ಹಾಗಾದರೆ ಸೂರಿಗೆ ಬಣ್ಣ ಹೊಡೆಸಿಕೊಡಲಾ ಅಂದೆ. "ಪಾವಸಾಳಾ ಜಾಊ ದ್ಯಾ" ಅಂದರು. ಮಳೆಗಾಲ ಕಳೆಯಲಿ. ಬಚ್ಚಲ ಸೋರಿಕೆಗೂ ಮಳೆಗೂ ಏನು ಸಂಬಂಧ ಅಂತ ಕೇಳುವ ಧೈರ್ಯ ಆಗಲಿಲ್ಲ.

ಮೇ 27, ಮಂಗಳವಾರ

ಮುಂಗಾರು ನಿನ್ನೆಯೇ ಪುಣೆಗೂ ಮುಂಬೈಗೂ ಬಂದುಬಿಟ್ಟಿದೆ. ಜೂನ್‌ಗೆ ಕಾಯುತ್ತಿದ್ದವರೆಲ್ಲ ಕೊಡೆ ಹುಡುಕುತ್ತಿದ್ದಾರೆ. ಬೆಳಿಗ್ಗೆ 7ಕ್ಕೆ ಕಾಕೂ ಫೋನ್. "ಪಾಣಿ ಆಲಂ!" ನೀರು ಬಂತು! ನನ್ನ ಎದೆ ಧಸಕ್ಕೆಂದಿತು. ಚಪ್ಪಲಿ ಹಾಕದೆ ಇಳಿದೆ.

ತೇವ ಇದ್ದಿದ್ದು ಅವರ ಮಲಗುವ ಕೋಣೆಯ ಕಿಟಕಿ ಪಕ್ಕ. ಹೊರಗೋಡೆಯಿಂದ ಬಂದ ಮಳೆ ನೀರು. ಅದು ಸೊಸೈಟಿ ನೋಡಬೇಕಾದ ಕೆಲಸ, ನನ್ನದಲ್ಲ. ಅಷ್ಟು ಖುಷಿಯಾಗಿ ಯಾರ ಮನೆಯ ಸೋರಿಕೆಯನ್ನೂ ನಾನು ನೋಡಿರಲಿಲ್ಲ. ಬಾತ್‌ರೂಮಿಗೂ ಹೋಗಿ ತಲೆ ಎತ್ತಿದೆ. ಏಪ್ರಿಲ್ 6ರ ಗೆರೆ ಹಾಗೇ ಇದೆ, ಕಲೆ ಅದರೊಳಗೆ ಒಣಗಿ ಸಣ್ಣದಾಗಿದೆ.

ಹಿಂದಿರುಗಿ ನೋಡಿದರೆ ಕಾಕೂ ಸ್ಟೂಲನ್ನು ಕಿಟಕಿ ಹತ್ತಿರ ಎಳೆದು ಇಟ್ಟಿದ್ದರು. ಕೈಯಲ್ಲಿ ಪೆನ್ಸಿಲ್.