ಭಾವಗೀತೆ ಕಲಿಸುವ ನಿಮಗೆ ಕ್ಯಾರೋಲ್ ಕಿಂಗ್ ಯಾಕೆ?

ಕಾಸರಗೋಡಿನ ಬದಿಯಡ್ಕದ ಆಸುಪಾಸಿನ ಮಕ್ಕಳಿಗೆ ಭಾವಗೀತೆ, ಭಜನೆ ಹೇಳಿಕೊಡುವವಳು ನಾನು. ಆದರೆ ಕ್ಲಾಸು ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಜಾಸ್ತಿ ಕೇಳಿಸುವುದು ಕ್ಯಾರೋಲ್ ಕಿಂಗ್, ಹಾಡು ಕಟ್ಟಿ ತಾನೇ ಹಾಡುವ ಅಮೆರಿಕದ ಗಾಯಕಿ. ಮಕ್ಕಳನ್ನು ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರು ಕೇಳುತ್ತಾರೆ, ನೆಂಟರೂ ಕೇಳುತ್ತಾರೆ: "ಟೀಚರ್, ಐವತ್ತು ವರ್ಷ ಹಳೇ ಅಮೆರಿಕದ ಪಾಪ್ ಹಾಡು. ಈಗ ಅದರಲ್ಲಿ ಏನುಂಟು?" ಜಗಲಿಯಲ್ಲಿ ನಿಂತುಕೊಂಡು ಅರ್ಧ ಉತ್ತರ ಹೇಳಿ ಕಳಿಸುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ಆಕೆಯ ಹಾಡುಗಳು ಆಕೆಯ ಗಂಟಲನ್ನೇ ನಂಬಿಕೊಂಡು ಕೂತಿಲ್ಲ. ಯಾರ ಬಾಯಿಗೆ ಹೋದರೂ ಬದುಕುತ್ತವೆ. ಅದಕ್ಕೇ ಇನ್ನೂ ಬೇಕು.

ಸಾಮಾನ್ಯವಾಗಿ ಎಲ್ಲರೂ ಹೇಳುವುದು 'ಟ್ಯಾಪೆಸ್ಟ್ರಿ' ಆಲ್ಬಂನ ಕಥೆ. 1971ರ ಫೆಬ್ರವರಿ 10ಕ್ಕೆ ಬಂತು, ಹಿಂದಿನ ದಿನವಷ್ಟೇ ಆಕೆಗೆ 29 ತುಂಬಿತ್ತು. ಅಮೆರಿಕದ ಆಲ್ಬಂ ಪಟ್ಟಿಯಲ್ಲಿ 15 ವಾರ ಮೊದಲ ಸ್ಥಾನ, ಮರುವರ್ಷ ನಾಲ್ಕು ಗ್ರ್ಯಾಮಿ ಸಂಗೀತ ಪ್ರಶಸ್ತಿ. ಸರಿ. ಆದರೆ ಅದಕ್ಕೂ ಮೊದಲು ಸುಮಾರು ಹತ್ತು ವರ್ಷ ಆಕೆ ಬೇರೆಯವರಿಗಾಗಿ ಹಾಡು ಮಾಡುತ್ತಿದ್ದರು ಅನ್ನುವುದೇ ನನಗೆ ಮುಖ್ಯ. ಗಂಡ ಜೆರ್ರಿ ಗಾಫಿನ್ ಮಾತು ಬರೆಯುವುದು, ಇವರು ಪಿಯಾನೋ ಮುಂದೆ ಕೂತು ಮಟ್ಟು ಹಾಕುವುದು. ಬೀಟಲ್ಸ್‌ನವರ 1963ರ ಮೊದಲ ಎಲ್ಪಿಯಲ್ಲೂ ಇವರಿಬ್ಬರ ಒಂದು ಹಾಡಿದೆ. ಯಾರು ಹಾಡುತ್ತಾರೋ ಗೊತ್ತಿಲ್ಲದೆ ಹಾಡು ಮಾಡುವಾಗ ಗಾಯಕರ ಗಮಕ, ದನಿಯ ಚಂದ ಯಾವುದರ ಆಸರೆಯೂ ಸಿಗುವುದಿಲ್ಲ, ಮಟ್ಟು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಆ ಅಭ್ಯಾಸ ಅವರ ಕೈಗೆ ಹತ್ತಿತ್ತು.

ಒಂದು ಹಾಡನ್ನು ಹತ್ತಿರದಿಂದ ನೋಡೋಣ. 'ವಿಲ್ ಯೂ ಲವ್ ಮಿ ಟುಮಾರೋ'. 1960ರಲ್ಲಿ ಶಿರೆಲ್ಸ್ ಎಂಬ ಕಪ್ಪು ಹುಡುಗಿಯರ ತಂಡ ಹಾಡಿದ್ದು, 1961ರ ಜನವರಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮಟ್ಟು ಹಾಕಿದಾಗ ಕ್ಯಾರೋಲ್‌ಗೆ 18. ಅದರ ವಯಲಿನ್‌ಗಳಿಗೆ ಸ್ವರ ಬರೆದವರೂ ಅವರೇ. ಅಲ್ಲಿ ಡ್ರಮ್ಮು ಚುರುಕಾಗಿ ಓಡುತ್ತದೆ, ನಾಳೆಯೂ ನನ್ನನ್ನು ಪ್ರೀತಿಸ್ತೀಯಾ ಎಂದು ಎಳೇ ಹುಡುಗಿಯೊಬ್ಬಳು ಆಸೆಯಿಂದ, ಅಷ್ಟೇ ಹೆದರಿಕೆಯಿಂದ ಕೇಳುತ್ತಾಳೆ. ಹತ್ತು ವರ್ಷ ಕಳೆದು ಅದನ್ನೇ 'ಟ್ಯಾಪೆಸ್ಟ್ರಿ'ಯಲ್ಲಿ ಆಕೆ ತಾನೇ ಹಾಡುವಾಗ ಮದುವೆ ಮುರಿದಿತ್ತು, ಇಬ್ಬರು ಹೆಣ್ಣುಮಕ್ಕಳಿದ್ದರು. ಲಯ ನಿಧಾನವಾಗಿದೆ. ಪಿಯಾನೋ ಮುಂದೆ ಬಂದಿದೆ. ಹಿಂದೆ ಗಾಯಕ ಜೇಮ್ಸ್ ಟೇಲರ್, ಗಾಯಕಿ ಜೋನಿ ಮಿಚೆಲ್ ಮೆಲ್ಲಗೆ ದನಿ ಸೇರಿಸುತ್ತಾರೆ. ಮಾತೂ ಅದೇ, ಮಟ್ಟೂ ಅದೇ, ಕೇಳುವ ಹೆಂಗಸು ಮಾತ್ರ ಬೇರೆ. ಈಗ ಅವಳಿಗೆ ಬರಬಹುದಾದ ಉತ್ತರ ಮೊದಲೇ ಗೊತ್ತಿದೆ, ಆದರೂ ಕೇಳುತ್ತಾಳೆ. ನನಗೆ ಪ್ರತಿ ಸಲ ಗಂಟಲು ಕಟ್ಟುವುದು ಇಲ್ಲೇ.

ಅಮೆರಿಕದ ಹೆಸರಾಂತ ಗಾಯಕಿ ಅರೆಥಾ ಫ್ರ್ಯಾಂಕ್ಲಿನ್ 1967ರಲ್ಲಿ ಹಾಡಿದ 'ನ್ಯಾಚುರಲ್ ವುಮನ್' ಕೂಡ ಇವರದ್ದೇ ಮಟ್ಟು. 2015ರಲ್ಲಿ ಕ್ಯಾರೋಲ್‌ಗೆ ಅಮೆರಿಕದಲ್ಲಿ ಕಲಾವಿದರಿಗೆ ಕೊಡುವ ಕೆನಡಿ ಸೆಂಟರ್ ಗೌರವ ಸಿಕ್ಕಾಗ ಅರೆಥಾ ಬಂದು ಪಿಯಾನೋಗೆ ಕೂತು ಅದನ್ನೇ ಹಾಡಿದರು. ಇಬ್ಬರಿಗೂ ಆಗ 73. ಆ ವಿಡಿಯೊ ನೋಡಿ. ಮೇಲಿನ ಬಾಲ್ಕನಿಯಲ್ಲಿ ಕ್ಯಾರೋಲ್ ತಲೆಯ ಮೇಲೆ ಕೈ ಹೊತ್ತುಕೊಂಡು ಕುಣಿದಾಡುತ್ತಾರೆ, ತನ್ನ ಹಾಡನ್ನು ಮೊದಲ ಬಾರಿ ಕೇಳಿದವರ ಹಾಗೆ! 'ಯೂ ಹ್ಯಾವ್ ಗಾಟ್ ಎ ಫ್ರೆಂಡ್'ನ ಮಾತು, ಮಟ್ಟು ಎರಡೂ ಆಕೆಯದೇ, ಆದರೂ ಅದನ್ನು ಅದೇ 1971ರಲ್ಲಿ ಮೊದಲ ಸ್ಥಾನಕ್ಕೆ ಒಯ್ದದ್ದು ಜೇಮ್ಸ್ ಟೇಲರ್.

ಕಾಸರಗೋಡಿನವರಿಗೆ ಇದು ವಿಚಿತ್ರ ಅನಿಸಬೇಕಾಗಿಲ್ಲ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನ ಪದ್ಯಗಳನ್ನು ತೆಂಕುತಿಟ್ಟಿನ ಭಾಗವತರು ಇವತ್ತಿಗೂ ಹಾಡುತ್ತಾರೆ, ಒಬ್ಬೊಬ್ಬರದು ಒಂದೊಂದು ಶೈಲಿ, ರಾತ್ರಿಯಿಡೀ ಕೂತು ಕೇಳಿ ಬೆಳಗ್ಗೆ ಚಾ ಕುಡಿಯುತ್ತಾ ಯಾರ ಪದ ಚಂದ ಎಂದು ಜಗಳ ಮಾಡುವವರು ನಾವು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆಗಳೂ ಹಾಗೆಯೇ ಶಾಲೆಯ ಮಕ್ಕಳ ಬಾಯಲ್ಲಿ ಉಳಿದಿವೆ. ಮೂಲ ದನಿ ಯಾವುದು ಎಂದು ನಾವು ಕೇಳಿದವರೇ ಅಲ್ಲ, ಅಲ್ವಾ?

ಕ್ಯಾರೋಲ್‌ರ ದನಿಯೂ ಅರೆಥಾ ದನಿಯ ಹಾಗಿಲ್ಲ. ಸ್ವಲ್ಪ ಒರಟು, ಮೇಲಿನ ಸ್ವರಕ್ಕೆ ಹೋದಾಗ ಪ್ರಯಾಸ ಕೇಳಿಸುತ್ತದೆ. ಅದನ್ನು ಮುಚ್ಚಿಟ್ಟಿಲ್ಲ. "ನನ್ನ ಸ್ವರ ಚಂದ ಇಲ್ಲ ಟೀಚರ್" ಎಂದು ಹಿಂದಿನ ಸಾಲಿಗೆ ಸರಿಯುವ ಮಕ್ಕಳಿಗೆ ನಾನು ಹಾಕಿ ಕೇಳಿಸುವುದು ಇದನ್ನೇ. ಸುಮ್ನೆ ಸಮಾಧಾನಕ್ಕಲ್ಲ. ಆಮೇಲೆ ಶ್ರುತಿ ಒಂದು ಮನೆ ಇಳಿಸಿ, ಅದೇ ಭಾವಗೀತೆಯನ್ನು ಅವರಿಂದಲೇ ಒಂಟಿಯಾಗಿ ಹಾಡಿಸುತ್ತೇನೆ.