ಹಳದಿ ಗೆರೆ ಎಡಕ್ಕಿರಲಿ

ದಾವಣಗೆರೆ
17 ನವೆಂಬರ್ 2024, ಭಾನುವಾರ

ಇವತ್ತಿನ ಪಾಠಕ್ಕೆ ಕಾರು ಬೇಕಾಗಲಿಲ್ಲ. ಶಾಮನೂರು ರಸ್ತೆಯಾಚೆ ಪರಿಚಯದವರ ಹೊಸ ಬಡಾವಣೆಯೊಂದಿದೆ. ಡಾಂಬರು ಬಿದ್ದಿದೆ, ಮನೆಗಳು ಎದ್ದಿಲ್ಲ, ಗೇಟಿಗೆ ಬೀಗ. ಅವರಿಂದ ಕೀಲಿ ಪಡೆದು ಬೆಳಿಗ್ಗೆಯೇ ಹೋದೆ. ಒಳಗೆ ನಾಲ್ಕು ರಸ್ತೆ ಕೂಡುವಲ್ಲಿ ಸುಣ್ಣದ ಪುಡಿಯಿಂದ ಅಂಚಿನ ಗೆರೆಗಳನ್ನೂ ಹಳದಿ ರಂಗೋಲಿ ಪುಡಿಯಿಂದ ನಡುಗೆರೆಯನ್ನೂ ಎಳೆದೆ. ಗಾಳಿ ಏಳುವ ಮೊದಲು ಪಾಠ ಮುಗಿಯಬೇಕಿತ್ತು.

ಕಲಿಯಲು ಬಂದವರು ಹೊಸಬರಲ್ಲ. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಯಜಮಾನರು ಮತ್ತು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ಸ್ವಯಂನಿವೃತ್ತಿ ಪಡೆದ ಅವರ ಹೆಂಡತಿ. ಮೇಡಂ ನನ್ನ ಡ್ರೈವಿಂಗ್ ಸ್ಕೂಲಿನಲ್ಲೇ ಕಾರು ಕಲಿತವರು. ಮಂಡಿಪೇಟೆಯ ಕೈಗಾಡಿಗಳ ನಡುವೆ, ಪಿ.ಬಿ. ರಸ್ತೆಯ ಬಸ್ಸುಗಳ ಬೆನ್ನಿಗೆ ಇಷ್ಟು ವರ್ಷ ನೆಮ್ಮದಿಯಿಂದ ಓಡಿಸಿದ್ದಾರೆ. ಅವರ ಮಗಳು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆಯಲ್ಲಿದ್ದಾಳೆ. ಜನವರಿಯಲ್ಲಿ ಹೆರಿಗೆ. ಬಾಣಂತನಕ್ಕೆಂದು ಇಬ್ಬರೂ ಮುಂದಿನ ತಿಂಗಳು ಹೊರಡುತ್ತಾರೆ.

"ಅಣ್ಣ, ಪ್ರತಿ ಸಲ ಅಳಿಯನ ರಜೆಗಾಗಿ ಕಾಯುತ್ತ ಕುಳಿತುಕೊಳ್ಳಲು ನನ್ನಿಂದ ಆಗುವುದಿಲ್ಲ. ಅವಳನ್ನು ಆಸ್ಪತ್ರೆಗೆ ನಾನೇ ಕರೆದೊಯ್ಯಬೇಕು. ಹೇಳಿಕೊಡಿ" ಎಂದು ಹಟ ಹಿಡಿದರು. ಆ ಹಟ ನನಗೆ ಬಹಳ ಇಷ್ಟವಾಯಿತು. ಮಗಳ ಊರಿಗೆ ಹೋಗಿ ತಿಂಗಳುಗಟ್ಟಲೆ ಕಿಟಕಿಯ ಪಕ್ಕ ಕುಳಿತು ಬರುವ ತಾಯಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಸ್ಸಿಲ್ಲ, ಆಟೊ ಇಲ್ಲ, ತರಕಾರಿ ಅಂಗಡಿಗೂ ಕಾರೇ ಬೇಕು. ಹೋದ ವರ್ಷ ಅದೇ ರಾಜ್ಯದ ಸ್ಯಾಕ್ರಮೆಂಟೊದಲ್ಲಿರುವ ನನ್ನ ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ನಾನೂ ಕಾರು ಓಡಿಸಿದ್ದೆ. ಅಲ್ಲಿ ಕಂಡದ್ದನ್ನೆಲ್ಲ ಇವರಿಗೆ ಧಾರೆಯೆರೆಯಬೇಕೆಂದು ಮನಸ್ಸು ಮಾಡಿದೆ.

ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ, ಸ್ಟೀರಿಂಗ್ ಎಡಗಡೆ ಇರುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ನಮ್ಮ ಕಾರಿನಲ್ಲಿ, ನಮ್ಮ ರಸ್ತೆಯಲ್ಲಿ ಅದನ್ನು ಅಭ್ಯಾಸ ಮಾಡುವಂತಿಲ್ಲ, ಮಾಡಲೂಬಾರದು. ಹಾಗಾಗಿ ಕಾಲ್ನಡಿಗೆಯಲ್ಲೇ ಕಲಿಸಿದೆ. ಸ್ಟೀರಿಂಗಿನ ಬದಲು ಮೇಡಂ ಕೈಗೆ ಒಂದು ಊಟದ ತಟ್ಟೆ ಕೊಟ್ಟು, ಬಲಗಡೆ ಯಜಮಾನರನ್ನು ನಿಲ್ಲಿಸಿ, ಇಬ್ಬರೂ ಜೊತೆಯಾಗಿ ಕೂಡುರಸ್ತೆಯಲ್ಲಿ ತಿರುಗಿ ಬರಲಿ ಎಂದೆ. ನಮ್ಮಲ್ಲಿ ಎಡಕ್ಕೆ ತಿರುಗುವುದು ಚಿಕ್ಕ ತಿರುವು, ಬಲಕ್ಕೆ ದೊಡ್ಡದು. ಅಲ್ಲಿ ಬಲಕ್ಕೆ ಚಿಕ್ಕದು; ಎಡಕ್ಕೆ ತಿರುಗುವಾಗ ಎದುರಿನ ಲೇನನ್ನು ದಾಟಿ, ದೊಡ್ಡದಾಗಿ ಸುತ್ತಿ, ದೂರದ ಭಾಗಕ್ಕೆ ಸೇರಬೇಕು. ಮೊದಮೊದಲು ಮೇಡಂ ಕಾಲುಗಳು ಎಡತಿರುವಿನಲ್ಲಿ ಹತ್ತಿರದ ಭಾಗಕ್ಕೇ ಹೋಗುತ್ತಿದ್ದವು. ಹತ್ತಾರು ಸುತ್ತು ಹಾಕಿದ ಮೇಲೆ ಕಾಲು ತಾನಾಗಿ ದೂರಕ್ಕೆ ಹೋಗತೊಡಗಿತು.

ಒಂದು ಸೂತ್ರ ಎರಡೂ ದೇಶಗಳಿಗೆ ಹೊಂದುತ್ತದೆ: ಚಾಲಕನ ಭುಜ ಸದಾ ರಸ್ತೆಯ ನಡುವಿನ ಕಡೆಗಿರಬೇಕು. ಇಲ್ಲಿ ನಾವು ಬಲಗಡೆ ಕುಳಿತು ರಸ್ತೆಯ ಎಡಗಡೆ ಹೋಗುತ್ತೇವೆ, ಬಲಭುಜದ ಪಕ್ಕ ನಡುಗೆರೆ. ಅಲ್ಲಿ ಎಡಗಡೆ ಕುಳಿತು ಬಲಗಡೆ ಹೋಗುತ್ತೇವೆ, ಎಡಭುಜದ ಪಕ್ಕ ನಡುಗೆರೆ. ಜೊತೆಗೆ ಬಣ್ಣದ ಸಹಾಯವೂ ಇದೆ. ಅಮೆರಿಕದಲ್ಲಿ ಎದುರುಬದುರು ದಿಕ್ಕುಗಳನ್ನು ಬೇರ್ಪಡಿಸುವ ಗೆರೆ ಹಳದಿ, ಒಂದೇ ದಿಕ್ಕಿನ ಲೇನುಗಳ ನಡುವಿನ ಗೆರೆ ಬಿಳಿ. ವಿಭಜಕವಿರುವ ಹೆದ್ದಾರಿಯಲ್ಲೂ ಎಡ ಅಂಚಿಗೆ ಹಳದಿ, ಬಲ ಅಂಚಿಗೆ ಬಿಳಿ. ಹಳದಿ ನನ್ನ ಎಡಕ್ಕಿದೆಯೇ ಎಂದು ನೋಡಿಕೊಂಡರೆ ಸಾಕು. ಗಣಿತದ ಮೇಡಂ ಇದನ್ನು ಕೇಳಿದ ಕೂಡಲೇ ತಲೆದೂಗಿದರು.

ಇಷ್ಟು ತಿಳಿದ ಮೇಲೂ ನನಗೆ ಒಂದು ಆತಂಕ ಉಳಿದೇ ಇದೆ. ಅದನ್ನು ಇವತ್ತು ಒತ್ತಿ ಒತ್ತಿ ಹೇಳಿದೆ. ವಾಹನಗಳು ತುಂಬಿದ ರಸ್ತೆಯಲ್ಲಿ ಪ್ರವಾಸಿ ಸಾಮಾನ್ಯವಾಗಿ ದಾರಿ ತಪ್ಪುವುದಿಲ್ಲ. ಮುಂದಿನ ಕಾರಿನ ಹಿಂದೆ ಹೋಗುತ್ತಾನೆ, ಎದುರಿನ ಕಾರುಗಳು ಅವನನ್ನು ಸರಿಯಾದ ಜಾಗದಲ್ಲಿ ಇರಿಸುತ್ತವೆ. ರಸ್ತೆ ಖಾಲಿ ಇದ್ದಾಗ ಹಿಡಿದಿಡಲು ಯಾರೂ ಇಲ್ಲ. ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ದಿನಸಿ ಅಂಗಡಿಯ ವಿಶಾಲವಾದ ಪಾರ್ಕಿಂಗ್ ಜಾಗದಿಂದ ರಸ್ತೆಗೆ ಇಳಿಯುವಾಗ, ಯು-ತಿರುವು ತೆಗೆದುಕೊಂಡ ಮೇಲೆ, ದಣಿದು ಮನೆಗೆ ಮರಳುವಾಗ ಹಳೆಯ ಅಭ್ಯಾಸ ಕೈಯನ್ನು ತನ್ನಿಂದ ತಾನೇ ಎಡಕ್ಕೆ ಎಳೆಯುತ್ತದೆ.

ಅಲ್ಲಿ ಆ ತಪ್ಪಿಗೆ ಕ್ಷಮೆ ಕಡಿಮೆ. ನಮ್ಮ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ತಪ್ಪು ದಿಕ್ಕಿನಿಂದ ಬೈಕೊಂದು ಬಂದರೆ ನಮ್ಮ ಕಣ್ಣು ಅದನ್ನು ಮೊದಲೇ ಹುಡುಕಿರುತ್ತದೆ. ಹುಲ್ಲಿನ ಟ್ರ್ಯಾಕ್ಟರ್ ಬರಬಹುದು, ಎಮ್ಮೆ ಬರಬಹುದು ಎಂದು ಕಾಲು ಬ್ರೇಕಿನ ಮೇಲೆಯೇ ಇರುತ್ತದೆ. ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ ಬರುವವನ ಕಣ್ಣು ತಪ್ಪು ದಿಕ್ಕಿನ ಕಾರನ್ನು ಹುಡುಕುತ್ತಿರುವುದಿಲ್ಲ. ಹುಡುಕುವ ಅಗತ್ಯ ಅವನಿಗೆ ಬಂದೇ ಇಲ್ಲ. ಹೆದ್ದಾರಿಗೆ ಹತ್ತುವ ಇಳಿಯುವ ದಾರಿಗಳಲ್ಲಿ ಕೆಂಪು ಬಣ್ಣದ 'ರಾಂಗ್ ವೇ' ಫಲಕ ಕಂಡರೆ, ರಸ್ತೆಯ ಮೇಲಿನ ಪ್ರತಿಫಲಕಗಳು ರಾತ್ರಿ ಕೆಂಪಾಗಿ ಹೊಳೆದರೆ ನೀವು ತಪ್ಪು ಕಡೆ ಇದ್ದೀರಿ ಎಂದೇ ಅರ್ಥ. ಆ ಕ್ಷಣವೇ ನಿಲ್ಲಿಸಿ ಎಂದೆ.

"ಹಾಗಾದರೆ ಮೊದಲ ವಾರ ತುಂಬ ಎಚ್ಚರ ಬೇಕು" ಎಂದರು ಯಜಮಾನರು. ಮೊದಲ ವಾರದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಆಗ ಭಯವೇ ಕಾಯುತ್ತದೆ. ಸ್ವೀಡನ್ ದೇಶದ ಸಂಗತಿಯನ್ನು ಅವರಿಗೆ ಹೇಳಿದೆ. 1967ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಆ ದೇಶ ಇಡಿಯಾಗಿ ಎಡದಿಂದ ಬಲಕ್ಕೆ ಬದಲಾಯಿತು. 4 ಗಂಟೆ 50 ನಿಮಿಷಕ್ಕೆ ರಸ್ತೆಯಲ್ಲಿದ್ದ ವಾಹನಗಳೆಲ್ಲ ನಿಂತು, ಬಲಗಡೆಗೆ ಸರಿದು, 5 ಗಂಟೆಗೆ ಮತ್ತೆ ಹೊರಟವು. ದೊಡ್ಡ ಅನಾಹುತ ಆಗಬಹುದೆಂದು ಹೆದರಿದ್ದರು. ಆದರೆ ಆರಂಭದಲ್ಲಿ ಅಪಘಾತಗಳು ಕಡಿಮೆಯಾದವು, ಎಲ್ಲರೂ ಎಚ್ಚರದಿಂದ ಓಡಿಸಿದರು. ಹೊಸ ಕ್ರಮ ರೂಢಿಯಾದಂತೆ ಸಂಖ್ಯೆ ಮತ್ತೆ ಹಳೆಯ ಮಟ್ಟಕ್ಕೆ ಮರಳಿತು. ಮೇಡಂ ವಿಷಯದಲ್ಲೂ ನಾನು ಹೆದರುವುದು ಮೂರನೆಯ, ನಾಲ್ಕನೆಯ ವಾರಕ್ಕೆ. ಧೈರ್ಯ ಬಂದಿರುತ್ತದೆ, ಮಗಳ ಚಿಂತೆ ತಲೆಯಲ್ಲಿರುತ್ತದೆ, ರಸ್ತೆ ಖಾಲಿ ಇರುತ್ತದೆ. ಆದ್ದರಿಂದ ಯಜಮಾನರಿಗೆ ಒಂದು ಕೆಲಸ ಒಪ್ಪಿಸಿದೆ. ಪ್ರತಿ ಸಲ ಕಾರು ರಸ್ತೆಗೆ ಇಳಿಯುವ ಮುಂಚೆ ಅವರು ಗಟ್ಟಿಯಾಗಿ "ಹಳದಿ ಎಡಕ್ಕೆ" ಎನ್ನಬೇಕು, ಮೇಡಂ ಅದನ್ನು ಬಾಯಿಬಿಟ್ಟು ಮರುಹೇಳಿದ ಮೇಲೆಯೇ ಕಾರು ಚಲಿಸಬೇಕು. ಅಲ್ಲಿದ್ದಷ್ಟು ದಿನವೂ ನಾನು ಹಾಗೆ ಹೇಳಿಕೊಂಡೇ ಓಡಿಸಿದೆ.

ಕಾರಿನೊಳಗಿನ ವಿಷಯ ಸುಲಭ. ಅಲ್ಲಿನ ಕಾರುಗಳು ಬಹುತೇಕ ಆಟೊಮ್ಯಾಟಿಕ್, ಎಡಗಾಲಿಗೆ ಕೆಲಸವಿಲ್ಲ. ಅದು ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕನ್ನು ತುಳಿದುಬಿಡಬಾರದು, ಹಾಗಾಗಿ ಅದನ್ನು ಸೀಟಿನ ಕಡೆಗೆ ಎಳೆದಿಟ್ಟುಕೊಳ್ಳಿ. ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ. ಚಾಲಕರ ಕಡೆಯ ಹೊರಗನ್ನಡಿ ಅಲ್ಲಿ ಚಪ್ಪಟೆಯಾಗಿರಬೇಕೆಂಬುದು ನಿಯಮ. ಉಬ್ಬುಗನ್ನಡಿಯಷ್ಟು ಅಗಲ ನೋಟ ಅದರಲ್ಲಿ ಸಿಗುವುದಿಲ್ಲ. ಲೇನ್ ಬದಲಿಸುವ ಮುನ್ನ ಕತ್ತು ತಿರುಗಿಸಿ ನೋಡಲೇಬೇಕು. ಕಾರಿನ ಅಗಲ ಈಗ ನಿಮ್ಮ ಬಲಕ್ಕೆ ಚಾಚಿರುವುದರಿಂದ ಗೊತ್ತಿಲ್ಲದೆ ಬಲಕ್ಕೆ ವಾಲುತ್ತೀರಿ. ನಿಂತ ಕಾರುಗಳ ಪಕ್ಕ ಹೋಗುವಾಗ ಯಜಮಾನರು ಹೇಳಲಿ.

ನಿಲ್ಲುವ ಪಾಠಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಎಂಟು ಮೂಲೆಯ ಕೆಂಪು 'ಸ್ಟಾಪ್' ಫಲಕ ಕಂಡರೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ನಾಲ್ಕೂ ಕಡೆ ಫಲಕವಿದ್ದರೆ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ; ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ನಮ್ಮ ಜಯದೇವ ವೃತ್ತದಲ್ಲಿ ಕಣ್ಣಿನ ಸನ್ನೆ, ಹಾರ್ನ್, ಮುಂದೆ ತೂರಿಸಿದ ಚಕ್ರ ಇವೇ ಸರದಿಯನ್ನು ತೀರ್ಮಾನಿಸುತ್ತವೆ. ಅಲ್ಲಿ ನಿಮ್ಮ ಸರದಿ ಬಂದಾಗ ನೀವು ಹೋಗದಿದ್ದರೂ ಉಳಿದವರಿಗೆ ಗಲಿಬಿಲಿ. ಕೆಂಪು ದೀಪವಿದ್ದರೂ ಪೂರ್ತಿ ನಿಂತು, ನೋಡಿ, ಬಲಕ್ಕೆ ತಿರುಗಬಹುದು, ತಿರುಗಬಾರದೆಂಬ ಫಲಕ ಇಲ್ಲದಿದ್ದರೆ. ಹಳದಿ ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದರೆ, ಎರಡೇ ಲೇನಿನ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಈ ನಿಯಮವನ್ನು ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಗು ರಸ್ತೆ ದಾಟುವವರೆಗೆ ದೊಡ್ಡವರೆಲ್ಲ ಕಾಯುವ ಆ ವ್ಯವಸ್ಥೆ ನಮ್ಮ ಹದಡಿ ರಸ್ತೆಯ ಶಾಲೆಗಳ ಮುಂದೆ ಬರುವುದನ್ನು ನೋಡಬೇಕೆಂಬ ಆಸೆ ನನಗಿದೆ.

ಪೊಲೀಸರ ಕಾರು ಹಿಂದೆ ದೀಪ ಮಿನುಗಿಸಿದರೆ ಬಲಕ್ಕೆ ಸರಿದು ನಿಲ್ಲಿಸಿ, ಕಾರಿನಲ್ಲೇ ಕುಳಿತಿರಿ, ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತಿರಲಿ. ನಮ್ಮಲ್ಲಿ ಕಾಗದಪತ್ರ ಹಿಡಿದು ಇಳಿದು ಹೋಗುವುದು ಮರ್ಯಾದೆ. ಅಲ್ಲಿ ಹಾಗೆ ಇಳಿದರೆ ಅವರು ಅಪಾಯವೆಂದು ತಿಳಿಯಬಹುದು.

ಯಜಮಾನರು ಮೊಮ್ಮಗುವನ್ನು ಆಸ್ಪತ್ರೆಯಿಂದ ಮಡಿಲಲ್ಲಿಟ್ಟುಕೊಂಡು ಬರುವ ಕನಸು ಕಂಡಿದ್ದರು. ಅದು ಆಗುವುದಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. ಕ್ಯಾಲಿಫೋರ್ನಿಯಾದಲ್ಲಿ ಹಸುಗೂಸಿಗೆ ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಪ್ರತ್ಯೇಕ ಆಸನವೇ ಆಗಬೇಕು, ಮೊದಲ ದಿನದಿಂದಲೇ. ಮೊಮ್ಮಗುವಿನ ಪಕ್ಕದಲ್ಲಿ ಹಿಂದಿನ ಸೀಟಿನಲ್ಲೇ ಕೂರಿ, ಬೆರಳು ಕೊಟ್ಟರೆ ಹಿಡಿದುಕೊಳ್ಳುತ್ತದೆ ಎಂದೆ. ಒಪ್ಪಿದರು.

ಕೊನೆಗೆ ಕಾಗದಪತ್ರ. ಹದಿನೆಂಟು ದಾಟಿದ ಪ್ರವಾಸಿ ತನ್ನ ದೇಶದ ಚಾಲ್ತಿಯಲ್ಲಿರುವ ಪರವಾನಗಿಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಓಡಿಸಬಹುದು. ಬೇರೆ ರಾಜ್ಯಗಳ ನಿಯಮ ಬೇರೆ ಇರಬಹುದು, ಬಾಡಿಗೆ ಕಾರಿನವರೂ ಕೇಳಬಹುದು. ಆದ್ದರಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ ಎಂದೆ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದಂತೆ ಕೊಡುವ ಆ ಪತ್ರಕ್ಕೆ 'ಸಾರಥಿ' ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಶುಲ್ಕ 1000 ರೂಪಾಯಿ, ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಪರವಾನಗಿ ಜೊತೆಯಲ್ಲಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಮೇಡಂ ಕೈಚೀಲದಿಂದ ಕೆಎ 17ರ ಕಾರ್ಡನ್ನು ತೆಗೆದು ತೋರಿಸಿದರು. ಬರುವ ಫೆಬ್ರವರಿಗೆ ಅದರ ಅವಧಿ ಮುಗಿಯುತ್ತದೆ! ಬಾಣಂತನದ ನಡುವೆ. ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ನವೀಕರಿಸಬಹುದು, ಹಾಗಾಗಿ ನಾಳೆಯೇ ಆ ಕೆಲಸ ಹಿಡಿಯುತ್ತೇವೆ. ಕಾರ್ಡು ಬಂದ ಮೇಲೆ ಅಂತರರಾಷ್ಟ್ರೀಯ ಪರವಾನಗಿಯ ಅರ್ಜಿ.

ಮಗಳಿಗೂ ಅಲ್ಲಿಂದಲೇ ವಿಡಿಯೊ ಕರೆ ಮಾಡಿಸಿ ಮಾತಾಡಿದೆ. ಕಾರಿನ ವಿಮೆಯಲ್ಲಿ ಅಮ್ಮನ ಹೆಸರು ಸೇರಿಸಲು ವಿಮಾ ಕಂಪನಿಗೆ ಈಗಲೇ ತಿಳಿಸಮ್ಮ, ಒಪ್ಪಿದ್ದಕ್ಕೆ ಬರಹದಲ್ಲಿ ಉತ್ತರ ಪಡೆದಿಟ್ಟುಕೋ, ಅದು ಬರುವವರೆಗೆ ಅಮ್ಮನಿಗೆ ಕೀಲಿ ಕೊಡಬೇಡ ಎಂದೆ. ಈ ವಾರವೇ ಮಾಡುತ್ತೇನೆ, ಮಾಮ ಎಂದಳು.